ಕೈ ಖಾಲಿಯಿದ್ದರೆ ಸಾಲದು

ಪ್ರಶ್ನೆ: ನನಗೆ ನಲವತ್ತಾರು ವರ್ಷ. ಮಾರಾಟ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ಮೂರು–ನಾಲ್ಕು ಗಂಟೆ ಕಾರಿನಲ್ಲೇ ಕಳೆಯುತ್ತದೆ. ಇಪ್ಪತ್ತೆರಡು ವರ್ಷಗಳಿಂದ ವಾಹನ ಓಡಿಸುತ್ತಿದ್ದೇನೆ; ಇದುವರೆಗೆ ಒಂದು ಅಪಘಾತವೂ ಆಗಿಲ್ಲ. ಫೋನನ್ನು ಕೈಯಲ್ಲಿ ಹಿಡಿದು ಮಾತನಾಡುವುದಿಲ್ಲ, ಕರೆಗಳೆಲ್ಲ ಬ್ಲೂಟೂತ್‌ನಲ್ಲೇ. ಸಂದೇಶಗಳನ್ನು ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ನೋಡುತ್ತೇನೆ. ಆದರೂ ನನ್ನ ಪತ್ನಿಗೆ ಸಮಾಧಾನವಿಲ್ಲ. ಇದೇ ವಿಷಯಕ್ಕೆ ಮನೆಯಲ್ಲಿ ಮತ್ತೆ ಮತ್ತೆ ಮಾತಿಗೆ ಮಾತು ಬೆಳೆಯುತ್ತದೆ. ಪಕ್ಕದಲ್ಲಿ ಕುಳಿತವರೊಂದಿಗೆ ಮಾತನಾಡಬಹುದು ಎಂದಾದರೆ ಫೋನಿನಲ್ಲಿ ಮಾತನಾಡುವುದರಲ್ಲಿ ತಪ್ಪೇನು? ಕೆಲಸದ ಕರೆಗಳನ್ನು ಬಿಡುವಂತಿಲ್ಲ. ಮಗಳು ಈಗ ಸ್ಕೂಟರ್ ಕಲಿಯುತ್ತಿದ್ದಾಳೆ. ಅವಳಿಗೆ ಏನು ಹೇಳಬೇಕು ಎಂಬುದನ್ನೂ ತಿಳಿಸಿ.

ಉತ್ತರ: ನಿಮ್ಮ ಪತ್ನಿಯ ಆತಂಕ ಸರಿಯಾದದ್ದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಜಾಗರೂಕ ಮನುಷ್ಯ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಆದರೆ ಹ್ಯಾಂಡ್ಸ್‌ಫ್ರೀ ಸಾಧನವನ್ನು ಅತಿಯಾಗಿ ನಂಬುವವರು ಜಾಗರೂಕ ಮನುಷ್ಯರೇ. ಫೋನನ್ನು ಕಿವಿಗೆ ಒತ್ತಿಕೊಂಡು ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುವವನಿಗೆ ತಾನು ತಪ್ಪು ಮಾಡುತ್ತಿದ್ದೇನೆ ಎಂಬ ಅಳುಕಾದರೂ ಇರುತ್ತದೆ. ಕೈ ಖಾಲಿ ಇರುವವನಿಗೆ ಆ ಅಳುಕೂ ಇರುವುದಿಲ್ಲ. ಅರ್ಧ ಗಂಟೆಯ ಚರ್ಚೆಯನ್ನು ನಿಶ್ಚಿಂತೆಯಿಂದ ನಡೆಸುತ್ತಾನೆ.

ನಾನೂ ಕೆಲವು ವರ್ಷ ಹೀಗೆಯೇ ನಂಬಿದ್ದೆ. ರಸ್ತೆ ಅಪಘಾತಗಳ ಕಾರಣ ಹುಡುಕುವುದೇ ನನ್ನ ವೃತ್ತಿಯಾಗಿದ್ದರೂ ನಂಬಿದ್ದೆ. ಒಂದು ಸಂಜೆ ಸಹೋದ್ಯೋಗಿಯೊಬ್ಬರೊಂದಿಗೆ ಒಂದು ವರದಿಯ ಕರಡಿನ ಬಗ್ಗೆ ಫೋನಿನಲ್ಲಿ ವಾದಿಸುತ್ತಾ ಬಂದು ಮನೆಯ ಮುಂದೆ ಕಾರು ನಿಲ್ಲಿಸಿದೆ. ಎರಡೂ ಕೈ ಸ್ಟೀರಿಂಗ್ ಮೇಲೆ ಇದ್ದವು, ಕಣ್ಣು ರಸ್ತೆಯ ಮೇಲೇ ಇತ್ತು. ದಾರಿಯಲ್ಲಿ ಒಂದು ಶಾಲೆ, ಅದರ ಮುಂದೆ ಮಕ್ಕಳು ದಾಟುವ ಜೀಬ್ರಾ ಪಟ್ಟೆ ಇದೆ. ಅದನ್ನು ದಾಟಿ ಬಂದದ್ದು ನನಗೆ ನೆನಪೇ ಇರಲಿಲ್ಲ. ಅಲ್ಲಿ ಯಾರಾದರೂ ನಿಂತಿದ್ದರೇ, ನಾನು ವೇಗ ತಗ್ಗಿಸಿದೆನೇ ಎಂದು ಎಷ್ಟು ಯೋಚಿಸಿದರೂ ಏನೂ ಹೊಳೆಯಲಿಲ್ಲ. ವರದಿಯ ಕರಡಿನ ಪ್ರತಿ ವಾಕ್ಯವೂ ನೆನಪಿತ್ತು. ಅಂದು ಏನೂ ಅನಾಹುತ ಆಗಿರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕನ್ನಡದಲ್ಲಿ ನಾವು ‘ಗಮನ’ ಎನ್ನುವ ಪದದ ಮೂಲ ಅರ್ಥ ಹೋಗುವುದು ಎಂದೇ. ಆಗಮನ, ನಿರ್ಗಮನ, ನಿಧಾನಗಮನ ಎಂಬ ಮಾತುಗಳಲ್ಲಿ ಆ ಅರ್ಥ ಈಗಲೂ ಉಳಿದಿದೆ. ಮನಸ್ಸು ಒಂದು ವಿಷಯದ ಕಡೆಗೆ ಹೋಗುವುದನ್ನೂ ಅದೇ ಪದದಿಂದ ಕರೆಯುತ್ತೇವೆ. ನಿಮ್ಮ ಪ್ರಶ್ನೆಗೆ ಉತ್ತರ ಈ ಪದದಲ್ಲೇ ಇದೆ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಕಾರಿನ ಗಮನ ರಸ್ತೆಯ ಮೇಲೆ, ಮನಸ್ಸಿನ ಗಮನ ಫೋನಿನ ಆ ತುದಿಯಲ್ಲಿರುವ ಮನುಷ್ಯನ ಕಡೆಗೆ. ಎರಡು ಗಮನಗಳು ಬೇರೆ ಬೇರೆ ದಿಕ್ಕಿಗೆ ಹೊರಟಾಗ ಕಣ್ಣು ರಸ್ತೆಯ ಮೇಲಿದ್ದರೂ ಅದು ಕಂಡದ್ದನ್ನು ಸ್ವೀಕರಿಸಲು ಒಳಗೆ ಯಾರೂ ಇರುವುದಿಲ್ಲ.

ಇದು ಬರಿಯ ಮಾತಿನ ಚಮತ್ಕಾರವಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಂಗಡಿಗರು 2001ರಿಂದಲೂ ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾ ಬಂದಿದ್ದಾರೆ. ಅವರ ಮೊದಲ ಪ್ರಯೋಗಗಳಲ್ಲೇ ಫೋನಿನಲ್ಲಿ ಮಾತನಾಡುತ್ತಿದ್ದವರು ಕೆಂಪು ದೀಪವನ್ನು ತಪ್ಪಿಸಿಕೊಳ್ಳುವ ಪ್ರಮಾಣ ಎರಡು ಪಟ್ಟಾಯಿತು. ಫೋನು ಕೈಯಲ್ಲಿತ್ತೇ, ಹ್ಯಾಂಡ್ಸ್‌ಫ್ರೀ ಆಗಿತ್ತೇ ಎಂಬುದರಿಂದ ಹೆಚ್ಚು ವ್ಯತ್ಯಾಸ ಆಗಲಿಲ್ಲ. ರೇಡಿಯೊ ಕೇಳುತ್ತಿದ್ದವರಲ್ಲಿ ಈ ತೊಂದರೆ ಕಾಣಲಿಲ್ಲ. ಮುಂದೆ ಅವರು ಚಾಲಕರ ಕಣ್ಣು ಎತ್ತ ನೋಡುತ್ತಿದೆ ಎಂಬುದನ್ನು ಅಳೆಯುವ ಸಾಧನ ಇಟ್ಟು ನೋಡಿದರು. ಚಾಲಕರ ದೃಷ್ಟಿ ರಸ್ತೆ ಬದಿಯ ಫಲಕಗಳ ಮೇಲೆ ಸರಿಯಾಗಿಯೇ ನೆಟ್ಟಿತ್ತು. ಆದರೆ ಮಾತಿನಲ್ಲಿದ್ದವರಿಗೆ ಆಮೇಲೆ ಅವೇ ಫಲಕಗಳನ್ನು ತೋರಿಸಿದಾಗ ಅವುಗಳಲ್ಲಿ ಹೆಚ್ಚಿನವನ್ನು ಗುರುತಿಸಲು ಆಗಲಿಲ್ಲ. ಕಣ್ಣಿದ್ದೂ ಕುರುಡು ಎನ್ನುವುದನ್ನು ನಾವು ಬೈಗುಳವಾಗಿ ಬಳಸುತ್ತೇವೆ. ಅಲ್ಲಿ ಅದು ಅಳತೆಗೆ ಸಿಕ್ಕಿತ್ತು.

ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ನಡೆದ ಇನ್ನೊಂದು ಪ್ರಯೋಗ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಎಂಆರ್‌ಐ ಯಂತ್ರದೊಳಗೆ ಮಲಗಿದ 29 ಮಂದಿ ಪರದೆಯ ಮೇಲಿನ ವಾಹನವನ್ನು ಓಡಿಸಬೇಕಿತ್ತು. ಅವರ ಕೈಯಲ್ಲಿ ಫೋನಿಲ್ಲ, ಅವರು ಮಾತನಾಡಬೇಕಾಗಿಯೂ ಇರಲಿಲ್ಲ. ಕಿವಿಗೆ ಬೀಳುವ ವಾಕ್ಯ ಸರಿಯೋ ತಪ್ಪೋ ಎಂದು ತೀರ್ಮಾನಿಸಿದರೆ ಸಾಕಿತ್ತು. ಅಷ್ಟಕ್ಕೇ, ಸ್ಥಳ–ದೂರಗಳ ಲೆಕ್ಕ ಹಿಡಿಯುವ ಮಿದುಳಿನ ಪ್ಯಾರೈಟಲ್ ಭಾಗದಲ್ಲಿ ಚಾಲನೆಗೆ ಸಂಬಂಧಿಸಿದ ಚಟುವಟಿಕೆ ಶೇಕಡಾ 37ರಷ್ಟು ಇಳಿಯಿತು. ಬರಿದೇ ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೆ ಇಷ್ಟು ಬೆಲೆ ತೆರಬೇಕಾದರೆ, ಗ್ರಾಹಕರ ದೂರಿಗೆ ಸಮಜಾಯಿಷಿ ಹೇಳುತ್ತಾ, ದರದ ಲೆಕ್ಕ ಹಾಕುತ್ತಾ ಓಡಿಸುವ ನಿಮ್ಮ ಮಿದುಳಿನಲ್ಲಿ ರಸ್ತೆಗೆ ಎಷ್ಟು ಪಾಲು ಉಳಿಯುತ್ತದೆ ಎಂದು ಯೋಚಿಸಿ.

ನಿಜವಾದ ರಸ್ತೆಯಲ್ಲಿ ಏನಾಗುತ್ತದೆ ಎಂಬುದಕ್ಕೂ ಹಳೆಯ, ಗಟ್ಟಿಯಾದ ಪುರಾವೆ ಇದೆ. ಕೆನಡಾದ ಟೊರಾಂಟೊದಲ್ಲಿ ಡಿಕ್ಕಿಗೆ ಒಳಗಾದ 699 ಚಾಲಕರ ಫೋನ್ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದರು. 1997ರಲ್ಲಿ ಫಲಿತಾಂಶ ಪ್ರಕಟವಾಯಿತು. ಅವರ ವಿಧಾನ ಸೊಗಸಾಗಿತ್ತು. ಒಬ್ಬ ಚಾಲಕನನ್ನು ಇನ್ನೊಬ್ಬನೊಂದಿಗೆ ಹೋಲಿಸದೆ, ಡಿಕ್ಕಿಯಾದ ಗಳಿಗೆಯನ್ನು ಅದೇ ಚಾಲಕನ ಹಿಂದಿನ ದಿನದ ಅದೇ ಹೊತ್ತಿನೊಂದಿಗೆ ಹೋಲಿಸಿದರು. ಫೋನಿನಲ್ಲಿದ್ದಾಗ ಡಿಕ್ಕಿಯ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಹ್ಯಾಂಡ್ಸ್‌ಫ್ರೀ ಬಳಸಿದವರಿಗೆ ಯಾವ ರಿಯಾಯಿತಿಯೂ ಸಿಕ್ಕಿರಲಿಲ್ಲ. ಎಂಟು ವರ್ಷಗಳ ನಂತರ ಆಸ್ಟ್ರೇಲಿಯದ ಪರ್ತ್‌ನಲ್ಲಿ, ಅಪಘಾತವಾಗಿ ಆಸ್ಪತ್ರೆಗೆ ಬಂದ 456 ಚಾಲಕರ ಅಧ್ಯಯನದಲ್ಲೂ ಅದೇ ನಾಲ್ಕು ಪಟ್ಟು ಬಂತು. ವಿಶ್ವ ಆರೋಗ್ಯ ಸಂಸ್ಥೆ ಇಂದಿಗೂ ಹೇಳುವುದು ಇದೇ ಪ್ರಮಾಣವನ್ನು.

ಒಂದು ಸಂಗತಿಯನ್ನು ಮರೆಮಾಚಬಾರದು. ಕಾರುಗಳಲ್ಲಿ ಕ್ಯಾಮೆರಾ ಇಟ್ಟು ತಿಂಗಳುಗಟ್ಟಲೆ ದಾಖಲಿಸಿದ ಕೆಲವು ಅಧ್ಯಯನಗಳಲ್ಲಿ ಹ್ಯಾಂಡ್ಸ್‌ಫ್ರೀ ಮಾತಿನಿಂದ ಅಪಾಯ ಅಷ್ಟಾಗಿ ಏರಿದ್ದು ಕಂಡಿಲ್ಲ. ಫೋನನ್ನು ಎತ್ತಿಕೊಳ್ಳುವುದು, ನಂಬರ್ ಒತ್ತುವುದು, ಸಂದೇಶ ಬರೆಯುವುದು ಇವೇ ಅಲ್ಲಿ ದೊಡ್ಡ ಅಪರಾಧಿಗಳು. 2016ರಲ್ಲಿ ಪ್ರಕಟವಾದ, ಮೂರೂವರೆ ಸಾವಿರಕ್ಕೂ ಹೆಚ್ಚು ಚಾಲಕರನ್ನು ಒಳಗೊಂಡ ಅಮೆರಿಕದ ಅಧ್ಯಯನದಲ್ಲಿ ಕೈಯಲ್ಲಿ ಫೋನ್ ಹಿಡಿದು ನಂಬರ್ ಒತ್ತುವುದು ಅಪಘಾತದ ಸಂಭವವನ್ನು ಹನ್ನೆರಡು ಪಟ್ಟು ಹೆಚ್ಚಿಸುತ್ತದೆ ಎಂದು ತಿಳಿಯಿತು. ಹಾಗಾದರೆ ಕೈ ಖಾಲಿಯಿದ್ದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಕೈಯಲ್ಲಿ ಹಿಡಿಯುವುದಕ್ಕಿಂತ ಅದು ವಾಸಿ ಎಂಬುದನ್ನು ಒಪ್ಪುತ್ತೇನೆ. ಆದರೆ ಎಲ್ಲ ಮಾತೂ ಒಂದೇ ಅಲ್ಲ, ಎಲ್ಲ ರಸ್ತೆಯೂ ಒಂದೇ ಅಲ್ಲ. ಖಾಲಿ ಹೆದ್ದಾರಿಯಲ್ಲಿ ‘ಇನ್ನೊಂದು ಗಂಟೆಯಲ್ಲಿ ಬರುತ್ತೇನೆ’ ಎಂದು ಹೇಳಿ ಇಡುವ ಕರೆಗೂ, ಜನನಿಬಿಡ ಬೀದಿಯಲ್ಲಿ ಇಪ್ಪತ್ತು ನಿಮಿಷದ ಚೌಕಾಸಿಗೂ ಹೋಲಿಕೆಯಿಲ್ಲ. ನಿಮ್ಮ ಕರೆಗಳು ಎರಡನೆಯ ಜಾತಿಯವು. ಅವುಗಳ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ಈಗ ಪಕ್ಕದಲ್ಲಿ ಕುಳಿತವರ ಮಾತಿಗೆ ಬರುತ್ತೇನೆ, ಏಕೆಂದರೆ ನಿಮ್ಮ ವಾದದಲ್ಲಿ ಬಲವಾದದ್ದು ಅದೇ. ಪಕ್ಕದವರಿಗೆ ಎರಡು ಕಣ್ಣುಗಳಿವೆ, ಆ ಕಣ್ಣುಗಳೂ ರಸ್ತೆಯನ್ನೇ ನೋಡುತ್ತಿರುತ್ತವೆ. ಎದುರಿಗೆ ಲಾರಿಯೊಂದು ಅಡ್ಡ ಬಂದರೆ ಅವರು ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ನೀವು ಉತ್ತರ ಕೊಡದಿದ್ದರೂ ಏಕೆಂದು ಅವರಿಗೆ ಗೊತ್ತಿರುತ್ತದೆ. ತಿರುವು ಬಂದಾಗ ‘ಇಲ್ಲೇ ಎಡಕ್ಕೆ’ ಎಂದೂ ಹೇಳುತ್ತಾರೆ. ಫೋನಿನ ಆ ತುದಿಯಲ್ಲಿರುವವನಿಗೆ ಲಾರಿ ಕಾಣುವುದಿಲ್ಲ. ನೀವು ಎರಡು ಸೆಕೆಂಡ್ ಮೌನವಾದರೆ ‘ಹಲೋ, ಕೇಳಿಸುತ್ತಿದೆಯೇ?’ ಎಂದು ಅವನು ಇನ್ನಷ್ಟು ಜೋರಾಗಿ ಕೇಳುತ್ತಾನೆ. ಅತ್ಯಂತ ಕಷ್ಟದ ಗಳಿಗೆಯಲ್ಲೇ ನಿಮ್ಮ ಮನಸ್ಸನ್ನು ಹಿಡಿದು ಎಳೆಯುತ್ತಾನೆ, ಅದೂ ತನಗೆ ಅರಿವಿಲ್ಲದೆ. ಯೂಟಾ ತಂಡ 2008ರಲ್ಲಿ ಇದನ್ನು ನೇರವಾಗಿ ಹೋಲಿಸಿತು. ಕೆಲವು ಮೈಲಿ ಸಾಗಿದ ಮೇಲೆ ಹೆದ್ದಾರಿಯಿಂದ ಒಂದು ತಂಗುದಾಣಕ್ಕೆ ಇಳಿಯಬೇಕು ಎಂದು ಚಾಲಕರಿಗೆ ಮೊದಲೇ ತಿಳಿಸಲಾಗಿತ್ತು. ಗೆಳೆಯನೊಂದಿಗೆ ಫೋನಿನಲ್ಲಿ ಮಾತನಾಡುತ್ತಾ ಹೋದವರಲ್ಲಿ ಅರ್ಧದಷ್ಟು ಮಂದಿ ತಿರುವನ್ನು ದಾಟಿ ಮುಂದೆ ಹೋಗಿಬಿಟ್ಟರು. ಗೆಳೆಯ ಪಕ್ಕದಲ್ಲೇ ಕುಳಿತಿದ್ದಾಗ ಹಾಗೆ ತಪ್ಪಿದವರು ಎಂಟರಲ್ಲಿ ಒಬ್ಬರಷ್ಟೇ.

ವಾಹನವೇ ಇಲ್ಲದ ಕಡೆಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿ ಒಂದೇ ಚಕ್ರದ ಸೈಕಲ್ ಮೇಲೆ ವಿದೂಷಕನೊಬ್ಬನನ್ನು ಓಡಾಡಿಸಿ, ನಡೆದು ಹೋಗುತ್ತಿದ್ದವರನ್ನು ‘ವಿದೂಷಕನನ್ನು ಕಂಡಿರಾ?’ ಎಂದು ಕೇಳಲಾಯಿತು. ಒಂಟಿಯಾಗಿ ನಡೆಯುತ್ತಿದ್ದವರಲ್ಲಿ ಅರ್ಧದಷ್ಟು ಜನ ಕಂಡಿದ್ದರು. ಜೊತೆಯವರೊಂದಿಗೆ ನಡೆಯುತ್ತಿದ್ದವರಲ್ಲಿ ಸುಮಾರು ಶೇಕಡಾ 70 ಮಂದಿ ಕಂಡಿದ್ದರು. ಫೋನಿನಲ್ಲಿ ಮಾತನಾಡುತ್ತಾ ನಡೆದವರಲ್ಲಿ ಕಂಡವರು ಕಾಲುಭಾಗ ಮಾತ್ರ. ಬಣ್ಣದ ಬಟ್ಟೆ ತೊಟ್ಟು ಒಂದೇ ಚಕ್ರದ ಮೇಲೆ ಬರುವ ಮನುಷ್ಯ ಕಾಣದಿದ್ದರೆ, ಮುಸ್ಸಂಜೆಯಲ್ಲಿ ಮಬ್ಬು ಬಣ್ಣದ ಬಟ್ಟೆ ತೊಟ್ಟು ರಸ್ತೆ ದಾಟುವ ವೃದ್ಧರು ಹೇಗೆ ಕಾಣುತ್ತಾರೆ?

ಒಂದರ್ಧ ಸೆಕೆಂಡ್ ತಡವಾದರೆ ಏನು ಮಹಾ ಎಂದು ಕೇಳುವವರಿಗೆ ನಾನು ಒಂದು ಲೆಕ್ಕ ಮಾಡಿಸುತ್ತೇನೆ. ನೀವೂ ಕಾಗದ ತೆಗೆದುಕೊಂಡು ಮಾಡಿ ನೋಡಿ. ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ವೇಗವನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ಸಿಗುತ್ತದೆ. 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕ್ ಇರುವ ಕಾರು ಆ ವೇಗದಿಂದ ಪೂರ್ತಿ ನಿಲ್ಲಲು ಸುಮಾರು 20 ಮೀಟರ್ ಬೇಕು. ಎಚ್ಚರವಾಗಿರುವ ಚಾಲಕನಿಗೆ ಅಪಾಯ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳೋಣ. ಒಟ್ಟು 37 ಮೀಟರ್. ಅಷ್ಟು ದೂರದಲ್ಲಿ ಮಗುವೊಂದು ರಸ್ತೆಗೆ ಇಳಿದರೆ ಅವನ ಕಾರು ಮಗುವಿನ ಎದುರು ಬಂದು ನಿಲ್ಲುತ್ತದೆ. ಅದೇ ಚಾಲಕ ಅರ್ಧ ಸೆಕೆಂಡ್ ತಡವಾಗಿ ಬ್ರೇಕ್ ಒತ್ತಿದನೆಂದರೆ, ಅದೇ ಜಾಗ ತಲುಪಿದಾಗ ಕಾರು ಇನ್ನೂ ಸುಮಾರು 40 ಕಿಲೋಮೀಟರ್ ವೇಗದಲ್ಲಿರುತ್ತದೆ. ಒಂದೂವರೆ ಸೆಕೆಂಡ್ ತಡವಾದರೆ ಬ್ರೇಕಿಗೆ ಕಾಲು ತಾಗುವ ಮುನ್ನವೇ ಕಾರು ಆ ಜಾಗವನ್ನು ದಾಟಿರುತ್ತದೆ, ಪೂರ್ತಿ 60ರ ವೇಗದಲ್ಲಿ. ‘ದಿಢೀರನೆ ಅಡ್ಡ ಬಂದರು, ಬ್ರೇಕ್ ಹಾಕಲು ಸಮಯವೇ ಸಿಗಲಿಲ್ಲ’ ಎನ್ನುವ ಹೇಳಿಕೆಗಳನ್ನು ನಾನು ಎಷ್ಟೋ ಬಾರಿ ಬರೆದುಕೊಂಡಿದ್ದೇನೆ. ಹೇಳುವವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜಕ್ಕೂ ಹಾಗೆಯೇ ಕಂಡಿರುತ್ತದೆ. ಮನಸ್ಸು ಬೇರೆಡೆ ಇದ್ದವನಿಗೆ ಎಲ್ಲವೂ ದಿಢೀರನೆಯೇ ಬರುತ್ತದೆ.

ಸಂದೇಶ ಓದುವುದು, ಬರೆಯುವುದರ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ ಎಂದುಕೊಳ್ಳುತ್ತೇನೆ. ಅಲ್ಲಿ ಮನಸ್ಸು, ಕಣ್ಣು, ಕೈ ಮೂರೂ ಒಟ್ಟಿಗೆ ರಸ್ತೆಯನ್ನು ಬಿಡುತ್ತವೆ. ಅಮೆರಿಕದ ವರ್ಜೀನಿಯಾ ಟೆಕ್ ಸಂಶೋಧಕರು 2009ರಲ್ಲಿ ಲಾರಿ ಚಾಲಕರ ದಾಖಲೆಗಳನ್ನು ನೋಡಿದಾಗ, ಸಂದೇಶ ಬರೆಯುವವರಲ್ಲಿ ಅಪಘಾತದ ಅಥವಾ ಕೂದಲೆಳೆಯಲ್ಲಿ ತಪ್ಪಿದ ಅಪಘಾತದ ಸಂಭವ 23 ಪಟ್ಟು ಹೆಚ್ಚಿತ್ತು. ಪ್ರತಿ ಆರು ಸೆಕೆಂಡಿನಲ್ಲಿ ನಾಲ್ಕೂವರೆ ಸೆಕೆಂಡಿಗೂ ಹೆಚ್ಚು ಕಾಲ ಅವರ ಕಣ್ಣು ರಸ್ತೆಯ ಮೇಲೆ ಇರಲಿಲ್ಲ. 80 ಕಿಲೋಮೀಟರ್ ವೇಗದಲ್ಲಿ ಅದು ಕಣ್ಣು ಮುಚ್ಚಿಕೊಂಡು ನೂರು ಮೀಟರ್ ಹೋದಂತೆ. ಹಳಿಯ ಮೇಲೆ ಓಡುವ, ಸ್ಟೀರಿಂಗೇ ಇಲ್ಲದ ರೈಲಿನಲ್ಲೂ ಇದು ಪ್ರಾಣ ತೆಗೆದಿದೆ. 2008ರ ಸೆಪ್ಟೆಂಬರ್ 12ರಂದು ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ನಲ್ಲಿ ಪ್ರಯಾಣಿಕರ ರೈಲೊಂದು ಕೆಂಪು ಸಿಗ್ನಲ್ ದಾಟಿ ಎದುರಿನಿಂದ ಬರುತ್ತಿದ್ದ ಸರಕು ರೈಲಿಗೆ ಗುದ್ದಿತು. 25 ಮಂದಿ ಸತ್ತರು. ರೈಲಿನ ಚಾಲಕ ಆ ಪಯಣದುದ್ದಕ್ಕೂ ಫೋನಿನಲ್ಲಿ ಸಂದೇಶ ವಿನಿಮಯ ಮಾಡುತ್ತಿದ್ದುದೇ ಕಾರಣ ಎಂದು ತನಿಖೆಯಲ್ಲಿ ಗೊತ್ತಾಯಿತು. ಅವನು ಮಾಡಬೇಕಾಗಿದ್ದದ್ದು ಒಂದು ದೀಪದ ಬಣ್ಣವನ್ನು ನೋಡುವುದಷ್ಟೇ ಆಗಿತ್ತು.

ನೀವು ಸಿಗ್ನಲ್‌ನಲ್ಲಿ ಮಾತ್ರ ಸಂದೇಶ ನೋಡುತ್ತೀರಿ. ಚಕ್ರ ತಿರುಗದಿರುವಾಗ ಏನು ಅಪಾಯ ಎಂಬುದು ಸಹಜ ಪ್ರಶ್ನೆ. ಓದಿದ ಸಂದೇಶ ಹಸಿರು ದೀಪ ಬಿದ್ದೊಡನೆ ಮನಸ್ಸಿನಿಂದ ಇಳಿದು ಹೋಗುವುದಿಲ್ಲ. ‘ಆ ಆರ್ಡರ್ ರದ್ದಾಯಿತು’ ಎಂಬ ಒಂದು ಸಾಲು ಓದಿ ನೀವು ಮುಂದೆ ಹೊರಟರೆ, ಮುಂದಿನ ಕೂಡುರಸ್ತೆಯವರೆಗೆ ವಾಹನ ಓಡಿಸುವವರು ಯಾರು? ಸ್ಟ್ರೇಯರ್ ತಂಡ 2015ರಲ್ಲಿ ಧ್ವನಿಯಿಂದ ನಡೆಸುವ ಸಾಧನಗಳನ್ನು ಪರೀಕ್ಷಿಸಿದಾಗ, ಆದೇಶ ಕೊಟ್ಟು ಮುಗಿಸಿದ ಮೇಲೂ ಚಾಲಕರ ಗಮನ ಪೂರ್ತಿ ಮರಳಲು 27 ಸೆಕೆಂಡುಗಳವರೆಗೆ ಹಿಡಿದದ್ದು ಕಂಡುಬಂತು. 40 ಕಿಲೋಮೀಟರ್ ವೇಗದಲ್ಲಿ 27 ಸೆಕೆಂಡ್ ಎಂದರೆ 300 ಮೀಟರ್. ಸಿಗ್ನಲ್ ದಾಟಿದ ಮೊದಲ 300 ಮೀಟರಿನಲ್ಲೇ ಪಾದಚಾರಿಗಳು, ಬಸ್ಸಿನಿಂದ ಇಳಿಯುವವರು, ಎಡಗಡೆಯಿಂದ ನುಗ್ಗುವ ಬೈಕುಗಳು ಎಲ್ಲ ಸಿಗುವುದು. ಇದೇ ಕಾರಣಕ್ಕೆ, ಟೈಪ್ ಮಾಡದೆ ಬಾಯಿಯಿಂದಲೇ ಹೇಳಿ ಸಂದೇಶ ಕಳುಹಿಸುವ ಸೌಲಭ್ಯವನ್ನೂ ನಾನು ಸುರಕ್ಷಿತ ಎಂದು ಹೇಳಲಾರೆ. ಯಂತ್ರ ನಿಮ್ಮ ಮಾತನ್ನು ತಪ್ಪಾಗಿ ಬರೆದುಕೊಂಡಾಗ ಅದನ್ನು ತಿದ್ದುವ ತವಕ ಬೇರೆ ಸೇರಿಕೊಳ್ಳುತ್ತದೆ.

ಇನ್ನು ನಿಮ್ಮ ಇಪ್ಪತ್ತೆರಡು ವರ್ಷ. ಅದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅಷ್ಟು ವರ್ಷ ಅಪಘಾತವಿಲ್ಲದೆ ಓಡಿಸುವುದು ನಿಜವಾದ ಕೌಶಲ. ಆದರೆ ಅದು ನಿಮ್ಮ ಕೌಶಲಕ್ಕೆ ಸಾಕ್ಷಿಯಾದೀತೇ ಹೊರತು ಫೋನು ನಿರಪಾಯಕಾರಿ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಅಪಘಾತ ಆಗಬೇಕಾದರೆ ನಿಮ್ಮ ಮರೆವು ಮತ್ತು ಇನ್ನೊಬ್ಬರ ತಪ್ಪು ಒಂದೇ ಗಳಿಗೆಯಲ್ಲಿ, ಒಂದೇ ಜಾಗದಲ್ಲಿ ಕೂಡಬೇಕು. ಹೆಚ್ಚಿನ ದಿನ ಅವು ಕೂಡುವುದಿಲ್ಲ. ಮುಂದಿನ ಕಾರಿನವನು ಅನಿರೀಕ್ಷಿತವಾಗಿ ಬ್ರೇಕ್ ಹಾಕದೆ ಇದ್ದದ್ದರಿಂದ, ಮಗು ಚೆಂಡಿನ ಹಿಂದೆ ಓಡಿ ಬಾರದೆ ಇದ್ದದ್ದರಿಂದ, ಎದುರಿನವನು ತಾನೇ ಪಕ್ಕಕ್ಕೆ ಸರಿದದ್ದರಿಂದ ನೀವು ಮನೆ ತಲುಪಿರುತ್ತೀರಿ, ಅದು ನಿಮಗೆ ಗೊತ್ತೇ ಆಗುವುದಿಲ್ಲ. ಫೋನಿನ ಮಾತಿನ ಅತ್ಯಂತ ಕ್ರೂರ ಗುಣ ಇದು: ಏನನ್ನು ಕಾಣದಂತೆ ಮಾಡುತ್ತದೆಯೋ, ಕಾಣಲಿಲ್ಲ ಎಂಬುದನ್ನೂ ಅದು ಮರೆಸಿಬಿಡುತ್ತದೆ. ಕುಡಿದವನಿಗೆ ತಾನು ಕುಡಿದಿದ್ದೇನೆ ಎಂಬುದಾದರೂ ತಿಳಿದಿರುತ್ತದೆ. 2006ರಲ್ಲಿ ಪ್ರಕಟವಾದ ಯೂಟಾ ಪ್ರಯೋಗವೊಂದರಲ್ಲಿ, ಅಮೆರಿಕದಲ್ಲಿ ಆಗ ಕಾನೂನಿನ ಮಿತಿಯಾಗಿದ್ದ ಶೇಕಡಾ 0.08ರಷ್ಟು ಮದ್ಯಾಂಶ ರಕ್ತದಲ್ಲಿದ್ದವರನ್ನೂ ಫೋನಿನಲ್ಲಿ ಮಾತನಾಡುತ್ತಿದ್ದ ಸ್ವಸ್ಥರನ್ನೂ ಕೃತಕ ರಸ್ತೆಯಲ್ಲಿ ಓಡಿಸಿ ನೋಡಿದರು. ಮುಂದಿನ ವಾಹನಕ್ಕೆ ಹಿಂದಿನಿಂದ ಡಿಕ್ಕಿ ಹೊಡೆದ ಮೂವರೂ ಫೋನಿನಲ್ಲಿದ್ದವರೇ.

ತಾನು ಎಲ್ಲರಂತಲ್ಲ, ಎರಡು ಕೆಲಸವನ್ನು ಒಟ್ಟಿಗೆ ನಿಭಾಯಿಸಬಲ್ಲೆ ಎಂದು ಬಹಳ ಜನ ಭಾವಿಸುತ್ತಾರೆ. ಅಂಥವರು ಇಲ್ಲವೆಂದಲ್ಲ. ಯೂಟಾದಲ್ಲಿ 200 ಮಂದಿಯನ್ನು ಪರೀಕ್ಷಿಸಿದಾಗ ಫೋನಿನಲ್ಲಿ ಕಷ್ಟದ ಲೆಕ್ಕ ಮಾಡುತ್ತಲೇ ಚಾಲನೆಯನ್ನು ಕಿಂಚಿತ್ತೂ ಕೆಡಿಸಿಕೊಳ್ಳದವರು ಸಿಕ್ಕರು, ಶೇಕಡಾ 2.5ರಷ್ಟು. ಅಂದರೆ ನಲವತ್ತರಲ್ಲಿ ಒಬ್ಬರು. ಆದರೆ ಅದೇ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನದಲ್ಲಿ, ಏಕಕಾಲಕ್ಕೆ ಹಲವು ಕೆಲಸ ಮಾಡುವ ಅಭ್ಯಾಸ ಯಾರಿಗೆ ಹೆಚ್ಚೋ ಅವರಿಗೇ ಆ ಸಾಮರ್ಥ್ಯ ಕಡಿಮೆ ಎಂದು ತಿಳಿದುಬಂತು. ಅಷ್ಟಾವಧಾನಿಗಳ ಉದಾಹರಣೆ ಕೊಡುವವರೂ ಇದ್ದಾರೆ. ಅವಧಾನಿಗಳು ಸಹ ಪ್ರಶ್ನೆ ಹಾಕುವ ಒಬ್ಬೊಬ್ಬ ಪೃಚ್ಛಕರಿಗೆ ಸರದಿಯಲ್ಲೇ ಉತ್ತರಿಸುತ್ತಾರೆ, ಅದೂ ಹಲವು ವರ್ಷಗಳ ಸಾಧನೆಯ ನಂತರ. ಮುಖ್ಯವಾಗಿ, ವೇದಿಕೆಯಲ್ಲಿ ಒಂದು ಪಾದ ತಪ್ಪಿದರೆ ಯಾರ ಕಾಲೂ ಮುರಿಯುವುದಿಲ್ಲ.

ಮಗಳ ವಿಷಯ. ಸ್ಕೂಟರಿನ ಮೇಲೆ ಇದೇ ಅಪಾಯ ಇನ್ನಷ್ಟು ಹೆಚ್ಚುತ್ತದೆ, ಏಕೆಂದರೆ ಕಾರಿಗೆ ನಾಲ್ಕು ಚಕ್ರಗಳು ಕೊಡುವ ಸಮತೋಲವನ್ನು ಅಲ್ಲಿ ಸವಾರಳೇ ಕೊಡಬೇಕು. ಕಿವಿಗೂ ಹೆಲ್ಮೆಟ್ಟಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಕತ್ತು ವಾಲಿಸಿ ಹೋಗುವವರನ್ನು ನೀವು ನೋಡಿರುತ್ತೀರಿ. ಕತ್ತು ವಾಲಿದಾಗ ಒಂದು ಬದಿಯ ನೋಟ ತಪ್ಪುತ್ತದೆ, ಫೋನ್ ಜಾರಿದರೆ ಕೈ ತಾನಾಗಿಯೇ ಹ್ಯಾಂಡಲ್ ಬಿಟ್ಟು ಅದನ್ನು ಹಿಡಿಯಲು ಹೋಗುತ್ತದೆ. ಅದೇ ಗಳಿಗೆಯಲ್ಲಿ ಒಂದು ಗುಂಡಿಯೋ ಮರಳೋ ಸಿಕ್ಕರೆ ಸಾಕು. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದೂ ಬೇಡ. ಹಿಂದಿನಿಂದ ಬರುವ ವಾಹನದ ಸದ್ದು ದ್ವಿಚಕ್ರ ಸವಾರರಿಗೆ ಮೂರನೆಯ ಕನ್ನಡಿ ಇದ್ದಂತೆ. ಹೊಸದಾಗಿ ಕಲಿಯುವವರಿಗೆ ಬ್ರೇಕ್, ಆಕ್ಸಿಲರೇಟರ್, ತಿರುವು ಇವುಗಳಿಗೇ ಪೂರ್ತಿ ಮನಸ್ಸು ಬೇಕಾಗಿರುತ್ತದೆ, ಇನ್ನೊಂದು ಕೆಲಸಕ್ಕೆ ಏನೂ ಉಳಿಯುವುದಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿ. ಆದರೆ ಅವಳು ಇಷ್ಟು ವರ್ಷ ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ನಿಮ್ಮನ್ನು ನೋಡಿದ್ದಾಳೆ. ಆದ್ದರಿಂದ ಬದಲಾವಣೆ ನಿಮ್ಮಿಂದಲೇ ಶುರುವಾದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಇನ್ನೊಂದು ನಿಯಮವನ್ನು ಮನೆಮಂದಿಯೆಲ್ಲ ಇಟ್ಟುಕೊಳ್ಳಿ: ಅವಳು ಸ್ಕೂಟರಿನಲ್ಲಿ ಹೊರಟಿರುವ ಹೊತ್ತಿಗೆ ‘ಎಲ್ಲಿದ್ದೀಯ, ಇನ್ನೂ ಬರಲಿಲ್ಲವಲ್ಲ’ ಎಂದು ಯಾರೂ ಕರೆ ಮಾಡಬಾರದು. ಕಾಳಜಿಯಿಂದ ಮಾಡಿದ ಕರೆಯೂ ಅದೇ ಅಪಾಯವನ್ನು ತರುತ್ತದೆ.

ಕೆಲಸದ ಕರೆಗಳನ್ನು ಬಿಡುವಂತಿಲ್ಲ ಎಂದಿದ್ದೀರಿ. ಇದು ನಿಮ್ಮೊಬ್ಬರ ಹೊಣೆಯಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ. ಸಿಬ್ಬಂದಿ ರಸ್ತೆಯಲ್ಲಿದ್ದಾರೆ ಎಂದು ಗೊತ್ತಿದ್ದೂ ಮೂರನೆಯ ರಿಂಗಿಗೆ ಉತ್ತರ ನಿರೀಕ್ಷಿಸುವ ಸಂಸ್ಥೆಗೂ ಅಪಘಾತದಲ್ಲಿ ಪಾಲಿದೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2011ರಲ್ಲೇ, ತುರ್ತು ಸಂದರ್ಭ ಬಿಟ್ಟರೆ ಹ್ಯಾಂಡ್ಸ್‌ಫ್ರೀ ಸೇರಿದಂತೆ ಚಾಲಕರ ಎಲ್ಲ ಫೋನ್ ಬಳಕೆಯನ್ನು ನಿಷೇಧಿಸಬೇಕು ಎಂದು ಶಿಫಾರಸು ಮಾಡಿತು. ಮೇಲಧಿಕಾರಿಯೊಂದಿಗೆ ಒಮ್ಮೆ ಕುಳಿತು ಮಾತನಾಡಿ. ‘ವಾಹನ ಓಡಿಸುವಾಗ ಕರೆ ಸ್ವೀಕರಿಸುವುದಿಲ್ಲ, ಗಂಟೆಗೊಮ್ಮೆ ನಿಲ್ಲಿಸಿ ಎಲ್ಲ ಕರೆಗಳಿಗೂ ಮರಳಿ ಮಾತನಾಡುತ್ತೇನೆ’ ಎಂದು ಸ್ಪಷ್ಟವಾಗಿ ತಿಳಿಸಿ. ಗ್ರಾಹಕರಿಗೂ ಅದೇ ಮಾತು ಹೇಳಿ. ಎಷ್ಟು ಹೊತ್ತಿಗೆ ಉತ್ತರ ಬರುತ್ತದೆ ಎಂಬುದು ಖಚಿತವಾಗಿ ತಿಳಿದರೆ ಕಾಯಲು ಜನ ಸಿದ್ಧರಿರುತ್ತಾರೆ ಎಂಬುದು ನನ್ನ ಅನುಭವ.

ಉಳಿದದ್ದು ಅಭ್ಯಾಸದ ಮಾತು. ಈಗಿನ ಹೆಚ್ಚಿನ ಫೋನುಗಳಲ್ಲಿ ವಾಹನ ಓಡಿಸುವಾಗ ಕರೆ–ಸಂದೇಶಗಳನ್ನು ತಡೆದು, ‘ಚಾಲನೆಯಲ್ಲಿದ್ದೇನೆ’ ಎಂದು ತಾನಾಗಿಯೇ ಉತ್ತರಿಸುವ ವ್ಯವಸ್ಥೆ ಇದೆ. ಅದನ್ನು ಇಂದೇ ಚಾಲೂ ಮಾಡಿ. ಫೋನನ್ನು ಕೈಗೆ ಎಟುಕದ ಕಡೆ, ಹಿಂದಿನ ಸೀಟಿನ ಚೀಲದಲ್ಲಿ ಇಡಿ. ಎದುರಿಗೇ ಇದ್ದರೆ ಪರದೆ ಬೆಳಗಿದಾಗಲೆಲ್ಲ ಕಣ್ಣು ಅಲ್ಲಿಗೆ ಹೋಗುತ್ತದೆ, ಅದನ್ನು ತಡೆಯುವ ಮನೋಬಲ ನನಗಂತೂ ಇಲ್ಲ. ದಾರಿ ತೋರಿಸಲು ಫೋನು ಬೇಕೇ ಬೇಕು ಎಂದಾದರೆ ಹೊರಡುವ ಮುನ್ನವೇ ವಿಳಾಸ ಹಾಕಿ, ಕಣ್ಣಿನ ನೇರಕ್ಕೆ ಗಟ್ಟಿಯಾಗಿ ಸಿಕ್ಕಿಸಿ, ಧ್ವನಿಯನ್ನು ಕೇಳುತ್ತಾ ಹೋಗಿ. ದಾರಿ ತಪ್ಪಿದರೆ ತಪ್ಪಲಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿದ ಮೇಲೆ ಸರಿಪಡಿಸಿಕೊಳ್ಳಬಹುದು. ನಿದ್ರೆ ಬಾರದಿರಲಿ ಎಂದು ಯಾರಿಗಾದರೂ ಕರೆ ಮಾಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಕಣ್ಣು ಎಳೆಯುತ್ತಿದ್ದರೆ ನಿಲ್ಲಿಸಿ ಹದಿನೈದು–ಇಪ್ಪತ್ತು ನಿಮಿಷ ಮಲಗುವುದೇ ಮದ್ದು. ಫೋನನ್ನೇ ಎಸೆದುಬಿಡಿ ಎಂದು ನಾನು ಹೇಳುತ್ತಿಲ್ಲ. ಟೊರಾಂಟೊದ ಅದೇ ಅಧ್ಯಯನದಲ್ಲಿ, ಡಿಕ್ಕಿಯಾದ ನಂತರ ತುರ್ತು ಸೇವೆಗೆ ತಮ್ಮ ಫೋನಿನಿಂದಲೇ ಕರೆ ಮಾಡಿದವರು ಶೇಕಡಾ 39 ಮಂದಿ ಇದ್ದರು. ನಿಂತ ವಾಹನದಲ್ಲಿ ಅದು ಜೀವ ಉಳಿಸುವ ಸಾಧನವೇ.

ಮೊದಲ ವಾರ ಚಡಪಡಿಕೆ ಆಗುತ್ತದೆ, ಅದಕ್ಕೆ ಸಿದ್ಧರಾಗಿರಿ. ಆ ದಿನಗಳಿಗಾಗಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಗಾಡಿ ನಿಲ್ಲಿಸಿದಾಗಲೆಲ್ಲ, ದಾರಿಯಲ್ಲಿ ತಪ್ಪಿಹೋದ ಪ್ರತಿ ಕರೆಯ ಬಗ್ಗೆ ಒಂದು ಸಾಲು ಬರೆಯಿರಿ: ಯಾರು ಮಾಡಿದ್ದರು, ಯಾವ ವಿಷಯಕ್ಕೆ, ಒಂದು ಗಂಟೆ ತಡವಾಗಿ ಉತ್ತರಿಸಿದ್ದರಿಂದ ಏನು ನಷ್ಟವಾಯಿತು. ಹದಿನೈದು ದಿನ ಬಿಡದೆ ಬರೆದು, ಪುಸ್ತಕವನ್ನು ಮೊದಲು ನಿಮ್ಮ ಪತ್ನಿಗೆ, ಆಮೇಲೆ ಮೇಲಧಿಕಾರಿಗೆ ತೋರಿಸಿ. ಮೂರನೆಯ ಕಾಲಮ್ಮಿನಲ್ಲಿ ಏನು ತುಂಬಿತು ಎಂಬುದನ್ನು ನನಗೂ ಬರೆದು ತಿಳಿಸಿ.